ಬಾಡಿಗೆ ಮನೆಯ ಮುಂಗಡ ಹಣ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಸ್ವಂತ ಮನೆ ಕಟ್ಟಲು ಸಾಧ್ಯವಾಗದವರು ಬಾಡಿಗೆ ಬಿಡಾರದಲ್ಲಿ ವಾಸಿಸಬೇಕಾಗುತ್ತದೆ. ವರ್ಗವಾಗಿ ಬಂದ ನೌಕರರು, ಕೂಲಿ ಕೆಲಸಕ್ಕಾಗಿ ಪೇಟೆಗೆ ಬಂದವರು, ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಹಳ್ಳಿಯನ್ನು ಬಿಟ್ಟವರು, ಹೀಗೆ ನಮ್ಮ ಜಿಲ್ಲೆಯಲ್ಲಿ ಬಾಡಿಗೆ ಮನೆಗಳಲ್ಲಿರುವ ಕುಟುಂಬಗಳು ಅನೇಕ. ಪ್ರೌಢಶಾಲೆ ಮುಗಿಸಿ ಮಂಗಳೂರಿನ ಕಾಲೇಜುಗಳಿಗೆ ಹೋಗುವ ನಮ್ಮ ವಿದ್ಯಾರ್ಥಿಗಳೂ ಅಲ್ಲಿ ಕೋಣೆ ಹಿಡಿಯಬೇಕಾದ ಸಂದರ್ಭ ಬರುತ್ತದೆ. ಆದುದರಿಂದ ಮುಂಗಡ ಹಣದ ವಿಚಾರವನ್ನು ವಿದ್ಯಾರ್ಥಿಗಳೂ ಹೆತ್ತವರೂ ತಿಳಿದಿರುವುದು ಒಳ್ಳೆಯದು.

ಮುಂಗಡ ಎಂದರೇನು?

ಮನೆಗೆ ಬರುವಾಗ ಬಾಡಿಗೆದಾರನು ಯಜಮಾನನ ಕೈಯಲ್ಲಿ ಒಂದು ಮೊತ್ತವನ್ನು ಇಡುತ್ತಾನೆ. ಇದನ್ನು ಮುಂಗಡ, ಅಡ್ವಾನ್ಸ್, ಠೇವಣಿ ಎಂದು ಬೇರೆ ಬೇರೆ ಹೆಸರುಗಳಿಂದ ಕರೆಯುತ್ತಾರೆ. ಇದು ಬಾಡಿಗೆಯಲ್ಲ, ಬಹುಮಾನವೂ ಅಲ್ಲ. ಬಾಡಿಗೆ ಬಾಕಿಯಾದರೆ ಅಥವಾ ಮನೆಗೆ ಹಾನಿಯಾದರೆ ಯಜಮಾನನಿಗೆ ನಷ್ಟವಾಗದಿರಲಿ ಎಂದು ಇಟ್ಟ ಭದ್ರತೆ. ಮನೆ ಬಿಡುವಾಗ ನ್ಯಾಯವಾಗಿ ಸಲ್ಲಬೇಕಾದುದನ್ನು ಕಳೆದು ಉಳಿದುದು ಬಾಡಿಗೆದಾರನಿಗೆ ಮರಳಬೇಕು.

ಈ ಹಣ ಮರಳದಿದ್ದರೆ ಆಗುವ ತೊಂದರೆ ಸಣ್ಣದಲ್ಲ. ಬಡ ಕುಟುಂಬವೊಂದು ಹಳೆಯ ಮನೆಯ ಮುಂಗಡವನ್ನು ಪಡೆದೇ ಹೊಸ ಮನೆಯ ಮುಂಗಡವನ್ನು ಕೊಡಬೇಕಾಗುತ್ತದೆ. ಅದು ನಿಂತುಹೋದರೆ ಸಾಲ ಮಾಡಬೇಕು, ಇಲ್ಲವೇ ಮಗಳ ಬಳೆಯನ್ನು ಅಡವಿಡಬೇಕು. ಇನ್ನೊಂದು ಕಡೆಯನ್ನೂ ನೋಡಬೇಕು. ಒಂದೇ ಮನೆಯ ಬಾಡಿಗೆಯನ್ನು ನಂಬಿ ಬದುಕುವ ವೃದ್ಧರಿದ್ದಾರೆ. ಬಾಡಿಗೆದಾರನು ಬಾಕಿ ಉಳಿಸಿ, ಮನೆಯನ್ನು ಕೆಡಿಸಿ ಹೋದರೆ ಅವರಿಗೆ ಮುಂಗಡವೊಂದೇ ಆಸರೆ.

ಗೇಣಿಯೂ ಬಾಡಿಗೆಯೂ ಬೇರೆ

ನಮ್ಮ ಹಿರಿಯರಿಗೆ ಮೂಲಗೇಣಿ, ಚಾಲಗೇಣಿ ಎಂಬ ಮಾತುಗಳು ಚೆನ್ನಾಗಿ ಗೊತ್ತು. ಭೂಸುಧಾರಣಾ ಕಾಯಿದೆಯ ಪ್ರಕಾರ 1970ನೇ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ಕೊನೆಗೊಂಡು, ಉಳುವ ಗೇಣಿದಾರರಿಗೆ ಭೂಮಿಯ ಒಡೆತನ ದೊರೆಯಿತು. ಬಾಡಿಗೆ ಮನೆಯ ಸಂಗತಿ ಹಾಗಲ್ಲ. ಎಷ್ಟು ವರ್ಷ ಬಾಡಿಗೆ ಕೊಟ್ಟರೂ ಮನೆ ಯಜಮಾನನದೇ. ಹಾಗೆಯೇ ಎಷ್ಟು ವರ್ಷ ಕಳೆದರೂ ಮುಂಗಡ ಬಾಡಿಗೆದಾರನದೇ. ಈ ಎರಡು ಮಾತುಗಳನ್ನು ಇಬ್ಬರೂ ನೆನಪಿನಲ್ಲಿಟ್ಟರೆ ಅರ್ಧ ಜಗಳ ಮುಗಿಯಿತು.

ಕಾನೂನು ಏನು ಹೇಳುತ್ತದೆ?

1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೇ ಕಲಮಿನ ಪ್ರಕಾರ, ಬಾಡಿಗೆದಾರನು ಮನೆಯನ್ನು ತಾನು ಪಡೆದ ಸ್ಥಿತಿಯಲ್ಲಿಯೇ ಒಪ್ಪಿಸಬೇಕು. ಆದರೆ ಸಹಜವಾದ ಬಳಕೆಯಿಂದಾದ ಸವೆತಕ್ಕೂ, ತಡೆಯಲಾಗದ ಶಕ್ತಿಯಿಂದಾದ ಬದಲಾವಣೆಗೂ ಆತನು ಹೊಣೆಯಲ್ಲ. ಗೋಡೆಯ ಬಣ್ಣ ಮಾಸುವುದು ಸಹಜ ಸವೆತ. ಮಳೆಗಾಲದ ಬಿರುಗಾಳಿಗೆ ಮಾಡಿನ ಹಂಚು ಹಾರಿಹೋದರೆ ಅದು ಬಾಡಿಗೆದಾರನ ತಪ್ಪಲ್ಲ. ಆದರೆ ಚೆಂಡಾಡಿ ಒಡೆದ ಕಿಟಿಕಿಯ ಗಾಜಿಗೂ, ಕಿತ್ತುಹೋದ ಬಾಗಿಲಿನ ಚಿಲಕಕ್ಕೂ ಆತನೇ ಹಣ ಕೊಡಬೇಕು.

1965ರ ಕೇರಳ ಕಟ್ಟಡಗಳ (ಗುತ್ತಿಗೆ ಮತ್ತು ಬಾಡಿಗೆ ನಿಯಂತ್ರಣ) ಕಾಯಿದೆಯು ತನಗೆ ಒಳಪಟ್ಟ ಪ್ರದೇಶಗಳಲ್ಲಿ ಬಾಡಿಗೆದಾರನಿಗೆ ರಶೀದಿಯ ಹಕ್ಕನ್ನು ಕೊಟ್ಟಿದೆ. ಅದರ 9ನೇ ಕಲಮಿನಂತೆ ಬಾಡಿಗೆಗೂ ಮುಂಗಡಕ್ಕೂ ಸಹಿ ಮಾಡಿದ ರಶೀದಿಯನ್ನು ಕೇಳಿ ಪಡೆಯಬಹುದು. ಕೇಂದ್ರ ಸಚಿವ ಸಂಪುಟವು 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯಲ್ಲಿ ವಾಸದ ಮನೆಗೆ ಮುಂಗಡವು ಎರಡು ತಿಂಗಳ ಬಾಡಿಗೆಯನ್ನು ಮೀರಬಾರದೆಂದಿದೆ. ಆದರೆ ಅದು ಮಾದರಿ ಮಾತ್ರ. ರಾಜ್ಯವೊಂದು ಅದನ್ನು ಅಂಗೀಕರಿಸಿದಲ್ಲಿ ಮಾತ್ರ ಅಲ್ಲಿ ಜಾರಿಗೆ ಬರುತ್ತದೆ.

ಒಂದು ಲೆಕ್ಕ

ಇದನ್ನು ಉದಾಹರಣೆಯೊಂದರಿಂದ ತಿಳಿಯೋಣ. ಒಂದು ಕುಟುಂಬವು ತಿಂಗಳಿಗೆ 6,000 ರೂಪಾಯಿ ಬಾಡಿಗೆಗೆ ಮನೆ ಹಿಡಿದು 30,000 ರೂಪಾಯಿ ಮುಂಗಡ ಕೊಟ್ಟಿತೆಂದು ಭಾವಿಸೋಣ. ಮೂರು ವರ್ಷಗಳ ಬಳಿಕ ಮನೆ ಬಿಡುವಾಗ ಯಜಮಾನರು ಹೀಗೆ ಲೆಕ್ಕ ಹೇಳುತ್ತಾರೆ: ಕರೆಂಟಿನ ಬಾಕಿ 640, ಕಿಟಿಕಿಯ ಗಾಜು 450, ಬಣ್ಣ ಬಳಿಯಲು 12,000, ಗಾಳಿಗೆ ಹಾರಿದ ಹಂಚು ಸರಿಪಡಿಸಲು 3,500, ಒಟ್ಟು 16,590 ರೂಪಾಯಿ. ಮರಳಿ ಕೊಡುವುದು 13,410 ರೂಪಾಯಿ ಮಾತ್ರ.

ಕರೆಂಟು ಮತ್ತು ಗಾಜಿನ ಹಣ ನ್ಯಾಯವಾದುದು. ಎರಡೂ ಸೇರಿ 1,090 ರೂಪಾಯಿ. ಬಣ್ಣದ ಖರ್ಚನ್ನು ಬಾಡಿಗೆದಾರನೇ ಕೊಡಬೇಕೆಂದು ಕರಾರಿನಲ್ಲಿ ಬರೆದಿಲ್ಲವಾದರೆ ಅದನ್ನು ಕಳೆಯುವುದು ಸರಿಯಲ್ಲ. ಹಂಚಿನ ಖರ್ಚೂ ಹಾಗೆಯೇ. ಆಗ ಮರಳಬೇಕಾದುದು 28,910 ರೂಪಾಯಿ. ಎರಡು ಲೆಕ್ಕಗಳ ಅಂತರ 15,500 ರೂಪಾಯಿ, ಅಂದರೆ ಎರಡೂವರೆ ತಿಂಗಳ ಬಾಡಿಗೆಗಿಂತಲೂ ಹೆಚ್ಚು! ಕೂಡಿಸುವ ಕಳೆಯುವ ಲೆಕ್ಕ ಬಲ್ಲ ಯಾವ ವಿದ್ಯಾರ್ಥಿಯೂ ಇದನ್ನು ಮಾಡಬಲ್ಲನು.

ಮನೆಗೆ ಬರುವ ದಿನವೇ ಮಾಡಬೇಕಾದುದು

ಜಗಳ ಹುಟ್ಟುವುದು ಮನೆ ಬಿಡುವ ದಿನ. ಆದರೆ ಅದರ ಬೀಜ ಬಿದ್ದಿರುವುದು ಮನೆಗೆ ಬಂದ ದಿನ. ಆ ದಿನ ಏನು ಕೊಟ್ಟೆವು, ಮನೆ ಹೇಗಿತ್ತು ಎಂಬುದಕ್ಕೆ ಬರಹವಿಲ್ಲದಿದ್ದರೆ ಕೊನೆಗೆ ಉಳಿಯುವುದು ಬಾಯಿಮಾತು ಮಾತ್ರ.

ಮೊದಲನೆಯದಾಗಿ, ಕರಾರುಪತ್ರವಿರಬೇಕು. ಒಂದು ವರ್ಷಕ್ಕೆ ಮೀರಿದ ಕರಾರನ್ನು 1908ರ ಕಾಯಿದೆಯಂತೆ ನೋಂದಾಯಿಸಬೇಕಾಗಿರುವುದರಿಂದ, ಅನೇಕರು 11 ತಿಂಗಳಿಗೆ ಬರೆಯುತ್ತಾರೆ. ಮುಂಗಡದ ಮೊತ್ತ, ಅದು ಮರಳುವ ದಿನ, ಯಾವುದನ್ನು ಕಳೆಯಬಹುದು, ಎಷ್ಟು ದಿನ ಮೊದಲು ತಿಳಿಸಬೇಕು ಎಂಬುದನ್ನು ಸ್ಪಷ್ಟವಾಗಿ ಬರೆಸಬೇಕು. ನಮ್ಮ ಜಿಲ್ಲೆಯಲ್ಲಿ ಕರಾರುಗಳು ಮಲಯಾಳದಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುವುದುಂಟು. ಕನ್ನಡ ಮಾತ್ರ ಓದಬಲ್ಲ ತಾಯಿ ತಂದೆಯರು ಬಲ್ಲವರಿಂದ ಅದನ್ನು ಪೂರ್ತಿ ಓದಿಸಿ ಕೇಳದೆ ಸಹಿ ಹಾಕಬಾರದು.

ಎರಡನೆಯದಾಗಿ, ಮನೆಯ ಸ್ಥಿತಿಯನ್ನು ಪಟ್ಟಿ ಮಾಡಬೇಕು. ಬಾಗಿಲು, ಕಿಟಿಕಿ, ನಳ್ಳಿ, ಸ್ವಿಚ್ಚು, ಫ್ಯಾನು, ಗೋಡೆಯ ಬಿರುಕು ಎಲ್ಲವನ್ನೂ ಬರೆದು ಇಬ್ಬರೂ ಸಹಿ ಮಾಡಲಿ. ಮೊಬೈಲಿನಲ್ಲಿ ಚಿತ್ರಗಳನ್ನೂ ತೆಗೆದಿಡಲಿ. ಮೂರನೆಯದಾಗಿ, ಹಣವನ್ನು ಬ್ಯಾಂಕಿನ ಮೂಲಕ ಕೊಟ್ಟರೆ ದಾಖಲೆ ತಾನಾಗಿ ಉಳಿಯುತ್ತದೆ. ಕೈಯಲ್ಲಿ ಕೊಟ್ಟರೆ ರಶೀದಿ ಬೇಕು.

ಮನೆ ಬಿಡುವಾಗ

ಬೇರೆ ಕರಾರು ಇಲ್ಲದಿದ್ದರೆ, ತಿಂಗಳ ಬಾಡಿಗೆಯ ಮನೆಗೆ 15 ದಿನಗಳ ಮುಂಚಿತ ತಿಳುವಳಿಕೆ ಸಾಕೆಂದು 106ನೇ ಕಲಂ ಹೇಳುತ್ತದೆ. ಅದನ್ನು ಬರಹದಲ್ಲಿಯೇ ಕೊಡಬೇಕು. ಕೇರಳದಲ್ಲಿ ಮನೆಗಳ ಕರೆಂಟಿನ ಬಿಲ್ಲು ಸಾಮಾನ್ಯವಾಗಿ ಎರಡು ತಿಂಗಳಿಗೊಮ್ಮೆ ಬರುವುದರಿಂದ ಬೀಗದ ಕೈ ಒಪ್ಪಿಸುವ ದಿನ ಮೀಟರಿನ ಅಂಕಿಯನ್ನು ಇಬ್ಬರೂ ನೋಡಿ ಬರೆದುಕೊಳ್ಳಬೇಕು. ಮುಂಗಡ ಸಿಗಲಾರದೆಂಬ ಭಯದಿಂದ ಕೊನೆಯ ತಿಂಗಳುಗಳ ಬಾಡಿಗೆಯನ್ನು ತಡೆಹಿಡಿಯುವವರಿದ್ದಾರೆ. ಯಜಮಾನನು ಒಪ್ಪಿ ಬರೆದುಕೊಟ್ಟಿದ್ದರೆ ಸರಿ. ಇಲ್ಲವಾದರೆ ಅದು ಬಾಡಿಗೆ ಬಾಕಿಯಾಗಿ ಬಾಡಿಗೆದಾರನ ಮೇಲೆಯೇ ದೋಷ ಬರುತ್ತದೆ.

ಇಷ್ಟಾದರೂ ಹಣ ಮರಳದಿದ್ದರೆ ಏನು ಮಾಡಬೇಕು? ಮೊದಲು ಲೆಕ್ಕವನ್ನು ಬರೆದು ಸ್ಪೀಡ್ ಪೋಸ್ಟಿನಲ್ಲಿ ಕೇಳಬೇಕು. ಬಳಿಕ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ನಡೆಯುವ ಅದಾಲತ್ತಿಗೆ ಹೋಗಬಹುದು. ಇದಕ್ಕಾಗಿ ಕಾಸರಗೋಡು ವಿದ್ಯಾನಗರದ ನ್ಯಾಯಾಲಯ ಸಂಕೀರ್ಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬೇಕು. ಅಲ್ಲಿ ನ್ಯಾಯಾಲಯದ ಶುಲ್ಕವಿಲ್ಲ. ಇಬ್ಬರೂ ಒಪ್ಪಿದ ತೀರ್ಮಾನಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದೆ. ಅದರ ಮೇಲೆ ಅಪೀಲೂ ಇಲ್ಲ. ಸ್ತ್ರೀಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ರಾಜಿ ಆಗದಿದ್ದರೆ ಸಿವಿಲ್ ದಾವೆಯ ದಾರಿ ಇದೆ. ಹಣದ ದಾವೆಗೆ ಸಾಮಾನ್ಯವಾಗಿ 3 ವರ್ಷಗಳ ಕಾಲಮಿತಿ ಇರುವುದರಿಂದ ತಡಮಾಡಬಾರದು.

ವಿದ್ಯಾರ್ಥಿ ಮಿತ್ರರೇ, ಕಾಗದ ಬರೆಸಿದರೆ ನಂಬಿಕೆ ಇಲ್ಲವೆಂದು ಅರ್ಥವಲ್ಲ. ನಂಬಿಕೆ ಕೆಡದಂತೆ ಕಾಯುವುದೇ ಕಾಗದದ ಕೆಲಸ. ನಿಮ್ಮ ಮನೆಯವರು ಬಾಡಿಗೆಗೆ ಇರಲಿ, ಬಾಡಿಗೆಗೆ ಕೊಟ್ಟಿರಲಿ, ಇಂದು ಸಂಜೆ ಆ ಕರಾರುಪತ್ರವನ್ನು ಕೇಳಿ ಪಡೆದು ಒಮ್ಮೆ ಓದಿ ಹೇಳಿರಿ. ರಶೀದಿಗಳು ಎಲ್ಲಿವೆ ಎಂದು ಹುಡುಕಿ ಒಂದು ಕಡೆ ಜೋಡಿಸಿಡಿರಿ. ಕಲಿತ ಅಕ್ಷರ ಮನೆಯ ಉಪಯೋಗಕ್ಕೆ ಬರಬೇಕಾದುದು ಇಂತಹ ಕಡೆಗಳಲ್ಲಿಯೇ.