ಬೈಗುಳದಲ್ಲಿ ಕಳೆದುಹೋಗುವ ಬುದ್ಧಿಮಾತು

"ಬೈದು ಹೇಳುವವರು ಬದುಕಲು ಹೇಳುತ್ತಾರೆ, ನಗಿಸಿ ಹೇಳುವವರು ಕೆಡಲು ಹೇಳುತ್ತಾರೆ" ಎಂಬ ಗಾದೆಯನ್ನು ಕೇಳಿಕೊಂಡೇ ನಾವೆಲ್ಲ ಬೆಳೆದವರು. ಹೆತ್ತವರ ಉದ್ದೇಶದ ಮಟ್ಟಿಗೆ ಈ ಗಾದೆ ಸುಳ್ಳಲ್ಲ. ಮಗ ಹಾಳಾಗಲಿ ಎಂದು ಯಾವ ತಾಯಿಯೂ ಬೈಯುವುದಿಲ್ಲ, ಮಗಳು ಸೋಲಲಿ ಎಂದು ಯಾವ ತಂದೆಯೂ ದನಿ ಏರಿಸುವುದಿಲ್ಲ. ಆದರೆ ಒಳ್ಳೆಯ ಉದ್ದೇಶದಿಂದ ಬೈದರೆ ಪರಿಣಾಮವೂ ಒಳ್ಳೆಯದಾಗುತ್ತದೆಯೇ? ಹದಿಹರೆಯದ ಮಕ್ಕಳ ಬಗ್ಗೆ ನಡೆದಿರುವ ಕೆಲವು ಸಂಶೋಧನೆಗಳು ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಕೊಟ್ಟಿವೆ.

ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಮಿಂಗ್-ಟೆ ವಾಂಗ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯದ ಸಾರಾ ಕೆನ್ನಿ ಪೆನ್ಸಿಲ್ವೇನಿಯಾ ರಾಜ್ಯದ ಸಾವಿರದ ಹತ್ತಿರ ಕುಟುಂಬಗಳನ್ನು ಅಧ್ಯಯನ ಮಾಡಿದರು. ಅದರ ಫಲಿತಾಂಶ 2013ರಲ್ಲಿ ಹೊರಬಂತು. ಅವರು ಗಮನಿಸಿದ್ದು ಮಾತಿನ ಶಿಕ್ಷೆಯನ್ನು: ಕಿರುಚುವುದು, ಶಪಿಸುವುದು, ದಡ್ಡ, ಸೋಮಾರಿ ಎಂದು ಹೆಸರಿಟ್ಟು ಹೀಯಾಳಿಸುವುದು. 13ನೇ ವಯಸ್ಸಿನಲ್ಲಿ ಇಂಥ ಮಾತುಗಳನ್ನು ಹೆಚ್ಚಾಗಿ ಕೇಳಿದ ಮಕ್ಕಳಲ್ಲಿ ಮುಂದಿನ ಒಂದು ವರ್ಷದೊಳಗೆ ಶಾಲೆಯ ತಂಟೆ, ಸುಳ್ಳು, ಜಗಳ ಹೆಚ್ಚಿದ್ದವು. ಖಿನ್ನತೆಯ ಲಕ್ಷಣಗಳೂ ಹೆಚ್ಚಿದ್ದವು. ಖಿನ್ನತೆ ಎಂದರೆ ಬಿಡದೆ ಕಾಡುವ ಬೇಸರ, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು, ತಾನು ಯಾವುದಕ್ಕೂ ಬಾರದವನು ಎಂಬ ಭಾವ. ಹೆತ್ತವರು ಗಮನಿಸಬೇಕಾದ ಇನ್ನೊಂದು ಅಂಶವೂ ಇದೆ. ಮನೆಯಲ್ಲಿ ಅಕ್ಕರೆ ಎಷ್ಟಿದ್ದರೂ ಈ ಪೆಟ್ಟು ತಗ್ಗಲಿಲ್ಲ. "ನಮ್ಮ ಪ್ರೀತಿ ಅವನಿಗೆ ಗೊತ್ತು, ಬೈದರೆ ಏನೂ ಅಂದುಕೊಳ್ಳಲ್ಲ" ಎಂದು ನಾವು ಸಮಾಧಾನ ಮಾಡಿಕೊಳ್ಳುತ್ತೇವೆ. ಈ ಅಧ್ಯಯನ ಆ ಸಮಾಧಾನಕ್ಕೆ ಎಡೆಗೊಡುವುದಿಲ್ಲ.

ಎಂದೋ ಒಮ್ಮೆ ಗದರಿದ್ದಕ್ಕೆ ಮಗುವಿನ ಮನಸ್ಸು ಮುರಿದುಹೋಯಿತೆಂದು ಗಾಬರಿಪಡಬೇಕಿಲ್ಲ. ಇಲ್ಲಿ ಮಾತು ಬಂದಿರುವುದು ರೂಢಿಯಾಗಿಬಿಟ್ಟ ಬೈಗುಳದ ಬಗ್ಗೆ. ಅದು ಏಕೆ ಫಲ ಕೊಡುವುದಿಲ್ಲ ಎಂದು ತಿಳಿಯಲು, ಬೈಯುವ ಹೊತ್ತಿನಲ್ಲಿ ಮಗುವಿನ ಒಳಗೆ ಏನಾಗುತ್ತದೆ ಎಂಬುದನ್ನು ನೋಡಬೇಕು.

ಒಂದು ಸಂಜೆಯನ್ನು ಕಲ್ಪಿಸಿಕೊಳ್ಳಿ. ಎಂಟನೇ ಕ್ಲಾಸಿನ ಹುಡುಗಿ ಗಣಿತದ ಟೆಸ್ಟ್ ಪೇಪರಿಗೆ ಅಪ್ಪನ ಸಹಿ ಬೇಕೆಂದು ಬಂದು ನಿಂತಿದ್ದಾಳೆ. 25ಕ್ಕೆ 9. "ಏನೇ ಇದು? ಟ್ಯೂಷನ್‌ಗೆ ದುಡ್ಡು ಸುರಿದಿದ್ದು ಇದಕ್ಕೇನಾ? ನಿನ್ನ ತಲೇಲಿ ಏನು ಸಗಣಿ ತುಂಬಿದ್ಯಾ?" ಹುಡುಗಿ ಪೇಪರಿನ ಮೂಲೆಯನ್ನು ಮಡಿಸುತ್ತಾಳೆ, ಬಿಡಿಸುತ್ತಾಳೆ, ಮತ್ತೆ ಮಡಿಸುತ್ತಾಳೆ. ಕಣ್ಣು ನೆಲದ ಮೇಲೆ. "ನಾನು ಹೇಳ್ತಿರೋದು ಕಿವಿಗೆ ಬೀಳ್ತಿದ್ಯಾ?" ಎಂದರೂ ಉತ್ತರವಿಲ್ಲ. ಅಪ್ಪನಿಗೆ ಅದು ಉಡಾಫೆಯಂತೆ ಕಾಣುತ್ತದೆ, ದನಿ ಇನ್ನೂ ಏರುತ್ತದೆ.

ಆ ಮೌನ ಉಡಾಫೆಯೇ ಆಗಿರಬೇಕಿಲ್ಲ. 9ರಿಂದ 17 ವರ್ಷದೊಳಗಿನ 32 ಆರೋಗ್ಯವಂತ ಮಕ್ಕಳಿಗೆ ಅವರವರ ತಾಯಿಯದೇ ದನಿಯಲ್ಲಿ ಧ್ವನಿಮುದ್ರಿಸಿದ ಟೀಕೆಯ ಮಾತುಗಳನ್ನು ಕೇಳಿಸಿ, ಮೆದುಳಿನ ಚಟುವಟಿಕೆಯನ್ನು ಸ್ಕ್ಯಾನ್ ಮಾಡಿದ ಪ್ರಯೋಗವೊಂದಿದೆ. ಟೀಕೆ ಕೇಳುವಾಗ ಭಾವನೆ ಕೆರಳುವ ಭಾಗಗಳು ಚುರುಕಾದವು. ಭಾವನೆಯನ್ನು ಹಿಡಿತಕ್ಕೆ ತರುವ ಭಾಗಗಳೂ ಎದುರಿನವರ ಮನಸ್ಸನ್ನು ಅರ್ಥಮಾಡಿಕೊಳ್ಳುವ ಭಾಗಗಳೂ ಮಂಕಾದವು. ಅಧ್ಯಯನ ಚಿಕ್ಕದು, ಆದರೆ ಮನೆಗಳಲ್ಲಿ ನಾವು ದಿನವೂ ಕಾಣುವುದಕ್ಕೆ ಅದು ಹೊಂದುತ್ತದೆ. "ಅಪ್ಪ ಯಾಕೆ ಹೀಗೆ ಹೇಳುತ್ತಿದ್ದಾರೆ, ನಾನು ಏನು ತಿದ್ದಿಕೊಳ್ಳಬೇಕು" ಎಂದು ಯೋಚಿಸಬೇಕಾದ ಸಾಮರ್ಥ್ಯವೇ ಆ ಹೊತ್ತಿನಲ್ಲಿ ಕುಂದಿರುತ್ತದೆ. ಮಗುವಿಗೆ ದನಿಯ ಸಿಟ್ಟು ತಲುಪುತ್ತದೆ, ಅದರೊಳಗಿದ್ದ ಬುದ್ಧಿಮಾತು ತಲುಪುವುದಿಲ್ಲ.

ಇದರ ಜೊತೆಗೆ ವಯಸ್ಸಿನ ಪ್ರಭಾವವೂ ಇದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಚಿಕ್ಕ ಮಕ್ಕಳ ಮೆದುಳಿಗೆ ತಾಯಿಯ ದನಿಯೇ ಹೆಚ್ಚು ಹಿತ. ಸುಮಾರು 13ರ ಹೊತ್ತಿಗೆ ಅಪರಿಚಿತ ದನಿಗಳ ಕಡೆಗೆ ಮೆದುಳಿನ ಒಲವು ಹೆಚ್ಚುತ್ತದೆ. ಮುಂದೆ ಹೊರಗಿನ ಜನರ ನಡುವೆ ಬಾಳಬೇಕಾದ ಜೀವ ಅದಕ್ಕೆ ನಡೆಸುವ ಸಿದ್ಧತೆ ಇದು. ನಿನ್ನೆಯವರೆಗೆ ಕರೆದ ಕೂಡಲೇ ಓಡಿ ಬರುತ್ತಿದ್ದ ಮಗ ಇಂದು ಮೂರು ಸಲ ಕೂಗಿದರೂ ಏಳದಿದ್ದರೆ, ಅದನ್ನೆಲ್ಲ ಅಹಂಕಾರ ಎಂದು ಎಣಿಸಬೇಕಿಲ್ಲ.

ಹಾಗಿದ್ದರೂ ನಾವು ಮತ್ತೆ ಮತ್ತೆ ಕೂಗುವುದೇಕೆ? ಇದಕ್ಕೆ ಅಮೆರಿಕದ ಮನಶ್ಶಾಸ್ತ್ರಜ್ಞ ಜೆರಾಲ್ಡ್ ಪ್ಯಾಟರ್‌ಸನ್ 1982ರ ತಮ್ಮ ಪುಸ್ತಕದಲ್ಲಿ ಕೊಟ್ಟ ವಿವರಣೆ ಇಂದಿಗೂ ಸಲ್ಲುತ್ತದೆ. ಮನೆಯವರು ತಿಳಿಯದೆಯೇ ಒಬ್ಬರಿಗೊಬ್ಬರು ಕೂಗಾಟವನ್ನು ಕಲಿಸುವ ಈ ಸುತ್ತನ್ನು 'ಬಲವಂತದ ಚಕ್ರ' ಎನ್ನಬಹುದು. ಅಮ್ಮ ಮೊಬೈಲ್ ಇಡು ಎನ್ನುತ್ತಾಳೆ, ಮಗ ರೇಗುತ್ತಾನೆ, ದಿನವಿಡೀ ದುಡಿದು ಸುಸ್ತಾದ ಅಮ್ಮ "ಏನಾದ್ರೂ ಮಾಡ್ಕೋ ಹೋಗು" ಎಂದು ಸುಮ್ಮನಾಗುತ್ತಾಳೆ. ರೇಗಿದರೆ ಕಾಟ ತಪ್ಪುತ್ತದೆ ಎಂದು ಮಗ ಕಲಿತ. ಮರುದಿನ ಅಮ್ಮ ಮನೆ ಅದುರುವಂತೆ ಕಿರುಚುತ್ತಾಳೆ, ಮಗ ಮೊಬೈಲ್ ಕೆಳಗಿಡುತ್ತಾನೆ. ಕಿರುಚಿದರೆ ಮಾತ್ರ ಕೆಲಸ ಆಗುತ್ತದೆ ಎಂದು ಅಮ್ಮ ಕಲಿತಳು. ಇಬ್ಬರಿಗೂ ಆ ಕ್ಷಣಕ್ಕೆ ನೆಮ್ಮದಿ ಸಿಕ್ಕಿತು. ಆದ್ದರಿಂದಲೇ ಇಬ್ಬರ ದನಿಯೂ ವಾರದಿಂದ ವಾರಕ್ಕೆ ಏರುತ್ತದೆ. ವಾಂಗ್ ಮತ್ತು ಕೆನ್ನಿ ಕೂಡ ಇದನ್ನೇ ಕಂಡರು. ಬೈಗುಳ ಮಕ್ಕಳ ತಂಟೆಯನ್ನು ಹೆಚ್ಚಿಸಿದಂತೆ, ಮಕ್ಕಳ ತಂಟೆ ಹೆತ್ತವರ ಬೈಗುಳವನ್ನು ಹೆಚ್ಚಿಸಿತ್ತು. ತಪ್ಪು ಯಾರದು ಎಂದು ಹುಡುಕುವುದರಿಂದ ಚಕ್ರ ನಿಲ್ಲುವುದಿಲ್ಲ. ಹಿರಿಯರೇ ಮೊದಲು ಇಳಿಯಬೇಕಾಗುತ್ತದೆ, ಏಕೆಂದರೆ ಸಿಟ್ಟನ್ನು ತಡೆಯುವ ಶಕ್ತಿ ಮಗುವಿಗಿಂತ ಅವರಲ್ಲಿ ಹೆಚ್ಚು ಬಲಿತಿರುತ್ತದೆ.

ಹೆತ್ತವರ ಸಿಟ್ಟಿನ ಬುಡದಲ್ಲಿ ಸಾಮಾನ್ಯವಾಗಿ ಇರುವುದು ಭಯ. ಎಸ್ಸೆಸ್ಸೆಲ್ಸಿ ಹತ್ತಿರ ಬರುತ್ತಿದೆ, ಮುಂದೆ ಪಿಯುಸಿ, ಸೀಟು ಸಿಗುತ್ತದೋ ಇಲ್ಲವೋ, ನಾವು ಪಟ್ಟ ಕಷ್ಟ ಇವನಿಗೆ ಬರಬಾರದು. ಇದು ಪ್ರೀತಿಯಿಂದ ಹುಟ್ಟಿದ ಭಯ. ಆದರೆ ಬಾಯಿಗೆ ಬರುವಾಗ ಅದು ಹಂಗಿಸುವ ಮಾತಾಗುತ್ತದೆ. "ನಿನ್ನ ಮುಂದಿನ ದಿನಗಳನ್ನು ನೆನೆದು ನನಗೆ ಚಿಂತೆಯಾಗಿದೆ" ಎಂದು ಹೇಳಿದರೆ ಮಗುವಿಗೆ ಚಿಂತೆ ಕೇಳಿಸುತ್ತದೆ. "ನೀನು ಉದ್ಧಾರ ಆಗಲ್ಲ" ಎಂದರೆ ತೀರ್ಪು ಮಾತ್ರ ಕೇಳಿಸುತ್ತದೆ.

ಹಾಗಾದರೆ ಮಕ್ಕಳನ್ನು ಏನೂ ಅನ್ನದೆ ಸಲುಗೆ ಕೊಟ್ಟು ಬಿಡಬೇಕೇ ಎಂಬ ಪ್ರಶ್ನೆ ಸಹಜ. ಬೇಡ. 1960ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯ ಮನಶ್ಶಾಸ್ತ್ರಜ್ಞೆ ಡಯಾನಾ ಬೌಮ್‌ರಿಂಡ್ ಮಕ್ಕಳನ್ನು ಬೆಳೆಸುವ ರೀತಿಗಳನ್ನು ಹೋಲಿಸಿದರು. ಬರೀ ದರ್ಪಕ್ಕಿಂತ, ಬರೀ ಸಲುಗೆಗಿಂತ, ಅಕ್ಕರೆಯೂ ಗಟ್ಟಿ ನಿಯಮವೂ ಜೊತೆಗಿರುವ ಬೆಳೆಸುವಿಕೆಯೇ ಮಕ್ಕಳಿಗೆ ಒಳಿತು ಎಂಬುದು ಅವರು ಕಂಡ ಸಂಗತಿ. ನಿಯಮ ಗಟ್ಟಿಯಾಗಿರಲಿ, ಮಾತು ಗಾಯ ಮಾಡದಿರಲಿ. ಇದಕ್ಕೆ ನಾಲ್ಕು ಅಂಶಗಳನ್ನು ನೆನಪಿಟ್ಟುಕೊಳ್ಳಬೇಕು.

ಮೊದಲನೆಯದು ಹೊತ್ತು. ನಿಮ್ಮ ಎದೆ ಬಡಿತ ಏರಿದಾಗ, ಮಗು ಬಾಗಿಲಲ್ಲಿ ಬ್ಯಾಗ್ ಇಳಿಸುತ್ತಿರುವಾಗ ಮಾತು ಎತ್ತಬೇಡಿ. "ನಂಗೀಗ ಸಿಟ್ಟು ಬಂದಿದೆ, ಊಟ ಆದ್ಮೇಲೆ ಕೂತು ಮಾತಾಡೋಣ" ಎಂದರೆ ಸಾಕು. ತನ್ನ ಭಾವನೆಗೆ ಹೆಸರು ಕೊಟ್ಟು ಹೇಳಿಕೊಂಡರೆ ಅದರ ಬಿಸಿ ತಗ್ಗುತ್ತದೆ ಎಂದು ಮೆದುಳಿನ ಅಧ್ಯಯನಗಳೂ ತೋರಿಸಿವೆ. ಹೇಳಿದ ಮೇಲೆ ಊಟದ ನಂತರ ತಪ್ಪದೆ ಕೂರಬೇಕು.

ಎರಡನೆಯದು ಗುರಿ. ಮಾತು ಕೆಲಸದ ಮೇಲಿರಲಿ, ಮಗುವಿನ ಗುಣದ ಮೇಲೆ ಬೇಡ. "ನೀನು ಸೋಮಾರಿ" ಎಂಬುದಕ್ಕೆ ಮಗು ಮಾಡಬಹುದಾದದ್ದು ಏನೂ ಇಲ್ಲ. "ಮೂರು ದಿನದಿಂದ ಹೋಂವರ್ಕ್ ಆಗಿಲ್ಲ, ಎಲ್ಲಿ ಕಷ್ಟ ಆಗ್ತಿದೆ?" ಎಂಬುದಕ್ಕೆ ಉತ್ತರವಿದೆ. ಆ ಎಂಟನೇ ಕ್ಲಾಸಿನ ಹುಡುಗಿಗೆ ಬೀಜಗಣಿತದ ಮೊದಲ ಪಾಠವೇ ಅರ್ಥವಾಗಿರಲಿಕ್ಕಿಲ್ಲ, ಕ್ಲಾಸಿನಲ್ಲಿ ಕೇಳಲು ನಾಚಿಕೆಯಾಗಿರಬಹುದು. ಕೇಳಿದರೆ ತಾನೆ ತಿಳಿಯುವುದು.

ಮೂರನೆಯದು ಜಾಗ. ಅತ್ತೆ, ಮಾವ, ಪಕ್ಕದ ಮನೆಯವರ ಎದುರು ಬೈಯಬೇಡಿ, ದೊಡ್ಡಪ್ಪನ ಮಗನ ಮಾರ್ಕ್ಸ್‌ಗೆ ಹೋಲಿಸಬೇಡಿ. ತುಂಬು ಕುಟುಂಬದಲ್ಲಿ ಮಕ್ಕಳಿಗೆ ಆಸರೆ ಹೆಚ್ಚು. ಅವಮಾನವಾದರೆ ನೋಡುವ ಕಣ್ಣುಗಳೂ ಹೆಚ್ಚು.

ನಾಲ್ಕನೆಯದು ಮೊದಲೇ ಒಪ್ಪಿದ ಪರಿಣಾಮ. ರಾತ್ರಿ ಹತ್ತಕ್ಕೆ ಮೊಬೈಲ್ ಹಾಲ್‌ನಲ್ಲಿರಬೇಕು, ತಪ್ಪಿದರೆ ಮರುದಿನ ಇಲ್ಲ ಎಂದು ಶಾಂತವಾಗಿದ್ದಾಗ ಇಬ್ಬರೂ ಸೇರಿ ತೀರ್ಮಾನಿಸಿ. ಆಮೇಲೆ ಕೂಗುವ ಅಗತ್ಯ ಬಾರದು, ನಡೆಸಿಕೊಟ್ಟರಾಯಿತು.

ಇಷ್ಟಾದರೂ ಒಂದು ದಿನ ನಾಲಿಗೆ ಜಾರುತ್ತದೆ. ಆಗ ಮಾಡಬೇಕಾದದ್ದು ದುರಸ್ತಿ. ತಾಯಿ ಮಗುವಿನ ಒಡನಾಟವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಎಡ್ವರ್ಡ್ ಟ್ರಾನಿಕ್ ಕಂಡುಕೊಂಡಂತೆ, ಪ್ರೀತಿ ತುಂಬಿದ ಜೋಡಿಗಳಲ್ಲೂ ತಾಳ ಮತ್ತೆ ಮತ್ತೆ ತಪ್ಪುತ್ತದೆ. ಸಂಬಂಧ ಗಟ್ಟಿಯಾಗುವುದು ತಪ್ಪಿದ ತಾಳವನ್ನು ಮತ್ತೆ ಕೂಡಿಸಿಕೊಳ್ಳುವುದರಿಂದ. "ನಿನ್ನೆ ಹಾಗೆ ಅನ್ನಬಾರದಿತ್ತು, ನಂದು ತಪ್ಪು" ಎಂದಷ್ಟೇ ಹೇಳಿ. ಅದರ ಬಾಲಕ್ಕೆ "ಆದ್ರೆ ನೀನೂ..." ಎಂದು ಸೇರಿಸಬೇಡಿ. ಇದರಿಂದ ಹಿರಿತನ ಕಡಿಮೆಯಾಗದು. ತಪ್ಪನ್ನು ಒಪ್ಪಿಕೊಳ್ಳುವುದು ಹೇಗೆಂದು ಮಗು ಅಲ್ಲಿಯೇ ಕಲಿಯುತ್ತದೆ.

ಎರಡು ವಾರಕ್ಕೂ ಮೀರಿ ಮಗು ಮಂಕಾಗಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಗೆಳೆಯರನ್ನೂ ದೂರವಿಟ್ಟಿದ್ದರೆ ತಜ್ಞರನ್ನು ಕಾಣಿ. ಸಾಯುವ ಮಾತು ಒಮ್ಮೆ ಆಡಿದರೂ ಕಾಯಬೇಡಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶಿ ಸಂಸ್ಥೆ. 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಹೆತ್ತವರೂ ತಮಗಾಗಿ ಕರೆ ಮಾಡಬಹುದು.

ಕೊನೆಯದಾಗಿ ಸ್ವೀಡನ್ನಿನ ಒಂದು ಅಧ್ಯಯನ. ಮಕ್ಕಳ ಹೊರಗಿನ ಬದುಕಿನ ಬಗ್ಗೆ ಹೆತ್ತವರಿಗೆ ತಿಳಿಯುವುದು ಹೇಗೆ ಎಂದು ಹಾಕನ್ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ 14ರ ಹರೆಯದವರ ಕುಟುಂಬಗಳಲ್ಲಿ ಹುಡುಕಿ, 2000ದಲ್ಲಿ ಪ್ರಕಟಿಸಿದರು. ಕಾವಲು, ವಿಚಾರಣೆ, ನಿರ್ಬಂಧಗಳಿಗಿಂತ ಮಕ್ಕಳು ತಾವಾಗಿಯೇ ಬಂದು ಹೇಳಿಕೊಂಡದ್ದೇ ಅದರ ಮುಖ್ಯ ಮೂಲ ಎಂದು ಕಂಡುಬಂತು. ನಾಳೆ ಯಾರೋ ಆನ್‌ಲೈನ್‌ನಲ್ಲಿ ಬೆದರಿಸಿದಾಗ, ಪರೀಕ್ಷೆಯಲ್ಲಿ ಸೋತಾಗ, ಗೆಳೆಯರು ಸಿಗರೇಟು ಚಾಚಿದಾಗ ನಮಗೆ ಸುದ್ದಿ ಮುಟ್ಟಬೇಕಾದದ್ದು ಮಗುವಿನ ಬಾಯಿಂದಲೇ. 25ಕ್ಕೆ 9 ತಂದ ದಿನ ಅದಕ್ಕೆ ಸಿಕ್ಕ ಉತ್ತರ ಎಂಥದ್ದು ಎಂಬುದರ ಮೇಲೆ, ದೊಡ್ಡ ತೊಂದರೆಯ ದಿನ ಅದು ನಮ್ಮ ಬಳಿ ಬರುವುದೋ ಬೇರೆಯವರ ಬಳಿ ಹೋಗುವುದೋ ನಿಂತಿರುತ್ತದೆ. ದನಿ ತಗ್ಗಿಸುವುದರಿಂದ ಹೆತ್ತವರಿಗೆ ಸಿಗುವ ಅತಿ ದೊಡ್ಡ ಲಾಭ ಇದೇ.