ಬುಸಾನಿಗೆ ಹೊರಟ ವಿದ್ಯಾರ್ಥಿಗೆ ಮೊದಲ ವಾರದ ಅಕ್ಷರಾಭ್ಯಾಸ

ವಿದ್ಯಾರ್ಥಿ ವಿನಿಮಯದ ಮೇಲೆ ಒಂದು ಸೆಮಿಸ್ಟರಿನ ಮಟ್ಟಿಗೆ ದಕ್ಷಿಣ ಕೊರಿಯಾದ ವಿಶ್ವವಿದ್ಯಾಲಯಗಳಿಗೆ ಹೋಗುವ ತರುಣ ತರುಣಿಯರು ಈಗ ನಮ್ಮ ನಡುವೆಯೂ ಇದ್ದಾರೆ. ಹೊರಡುವ ಮುನ್ನ ಅವರು ವಿಚಾರಿಸುವ ಸಂಗತಿಗಳು ಸಾಮಾನ್ಯವಾಗಿ ಮೂರು: ಚಳಿ ಎಷ್ಟು, ಖರ್ಚು ಎಷ್ಟು, ಊಟಕ್ಕೆ ಏನು. ಅಲ್ಲಿಯ ಲಿಪಿಯನ್ನು ಓದಲು ಬರುವುದೇ ಎಂದು ತಮ್ಮನ್ನು ತಾವೇ ಕೇಳಿಕೊಳ್ಳುವವರು ವಿರಳ. ತರಗತಿಯ ಪಾಠ ಇಂಗ್ಲಿಷಿನಲ್ಲಿ, ಕೈಯಲ್ಲಿ ಫೋನು, ಲಿಪಿಯ ಗೊಡವೆ ಏಕೆ ಎಂಬುದು ಅವರ ಎಣಿಕೆ. ಈ ಎಣಿಕೆ ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಆ ಲಿಪಿಯನ್ನು ಕಲಿಯಲು ಕನ್ನಡ ಬಲ್ಲವನಿಗೆ ಒಂದು ವಾರ ಧಾರಾಳವಾಗಿ ಸಾಕೆಂಬುದನ್ನು ಈ ಪಾಠದಲ್ಲಿ ತೋರಿಸಬಯಸುತ್ತೇವೆ.

ಉದಾಹರಣೆಗೆ ಬುಸಾನ್ ನಗರವನ್ನು ತೆಗೆದುಕೊಳ್ಳೋಣ. ದೇಶದ ಆಗ್ನೇಯ ಮೂಲೆಯ ದೊಡ್ಡ ಬಂದರು ಇದು; ಮೂವತ್ತು ಲಕ್ಷಕ್ಕೂ ಮಿಕ್ಕಿ ಜನ, ರಾಜಧಾನಿ ಸೋಲ್ ಬಿಟ್ಟರೆ ಎರಡನೆಯ ದೊಡ್ಡ ನಗರ. ವಿದ್ಯಾರ್ಥಿಯು ಗಿಮ್ಹೆ ವಿಮಾನ ನಿಲ್ದಾಣದಲ್ಲಿಳಿದು ಹಗುರ ರೈಲಿನಲ್ಲಿ ಸಸಾಂಗಿಗೂ, ಅಲ್ಲಿಂದ ಮೆಟ್ರೋದ ಎರಡನೆಯ ಮಾರ್ಗದಲ್ಲಿ ಸೊಮ್ಯೊನಿಗೂ, ಅಲ್ಲಿ ಬದಲಿಸಿ ಒಂದನೆಯ ಮಾರ್ಗದಲ್ಲಿ ವಿಶ್ವವಿದ್ಯಾಲಯದ ನಿಲ್ದಾಣಕ್ಕೂ ಬರುತ್ತಾನೆ. ಇಲ್ಲಿಯವರೆಗೆ ತೊಂದರೆಯೇನೂ ಇಲ್ಲ. ಫಲಕಗಳಲ್ಲಿ ಇಂಗ್ಲಿಷ್ ಇದೆ, ಕೂಗಿ ಹೇಳುವ ದನಿಯಲ್ಲೂ ಇಂಗ್ಲಿಷ್ ಇದೆ. ತೊಂದರೆ ಆರಂಭವಾಗುವುದು ನಿಲ್ದಾಣದಿಂದ ಹೊರಬಿದ್ದು ಹಿಂದಿನ ಓಣಿಗೆ ತಿರುಗಿದಾಗ. ಅಲ್ಲಿ ಸಾಲಾಗಿ ಚಿಕ್ಕ ಚಿಕ್ಕ ಊಟದ ಅಂಗಡಿಗಳು. ತಿನಿಸಿನ ಪಟ್ಟಿ ಗೋಡೆಯ ಮೇಲೆ, ಅವರ ಅಕ್ಷರದಲ್ಲಿ ಮಾತ್ರ. ಮಾಂಸ ಮುಟ್ಟದ ಮನೆಯಿಂದ ಹೋದ ಹುಡುಗ ಅಥವಾ ಹುಡುಗಿ ಬಾಗಿಲ ತನಕ ಹೋಗಿ ಹಿಂತಿರುಗಿ, ಕೋಣೆಯಲ್ಲಿ ಕುಳಿತು ಊರಿನಿಂದ ತಂದ ಅವಲಕ್ಕಿ ತಿನ್ನುವುದುಂಟು. ಎರಡು ದಿನ ಹೀಗೆ ನಡೆದೀತು. ಹತ್ತು ದಿನ ನಡೆದರೆ ದೇಹವೂ ಸೋಲುತ್ತದೆ, ಮನಸ್ಸೂ ಸೋಲುತ್ತದೆ. ಪರದೇಶದ ಮೊದಲ ದಿನಗಳಲ್ಲಿ ಚಳಿಗಿಂತ ಹಸಿವೂ ಮೌನವೂ ಹೆಚ್ಚು ಕೆಡಕು ಮಾಡುತ್ತವೆ.

ಇನ್ನು ಲಿಪಿಯ ವಿಷಯ. ಕೊರಿಯಾದಲ್ಲಿ ಮೊದಲು ಬರೆಯಲು ಬಳಸುತ್ತಿದ್ದುದು ಚೀನೀ ಅಕ್ಷರಗಳನ್ನು, ಅವು ಸಾವಿರಾರು. ಪಂಡಿತರಿಗಲ್ಲದೆ ಉಳಿದವರಿಗೆ ಅವು ಎಟುಕುತ್ತಿರಲಿಲ್ಲ. ಸೇಜೊಂಗ್ ಎಂಬ ಅರಸನು 1443ರಲ್ಲಿ ಇಪ್ಪತ್ತೆಂಟು ಅಕ್ಷರಗಳ ಹೊಸ ಲಿಪಿಯನ್ನು ರಚಿಸಿ 1446ರಲ್ಲಿ ಪ್ರಕಟಿಸಿದನು. ಇಂದು ಮೂಲಾಕ್ಷರಗಳು ಇಪ್ಪತ್ತನಾಲ್ಕು: ವ್ಯಂಜನ ಹದಿನಾಲ್ಕು, ಸ್ವರ ಹತ್ತು. ಲಿಪಿಗೆ ಈಗಿನ ಹೆಸರು ಹಂಗುಲ್. ಅಕ್ಷರಗಳು ಈ ಆಕಾರದಲ್ಲಿ ಏಕೆ ಇವೆಯೆಂಬ ವಿವರಣೆಯುಳ್ಳ ಮೂಲಗ್ರಂಥದ ಪ್ರತಿಯೊಂದು 1940ರಲ್ಲಿ ದೊರೆಯಿತು. ಅದಕ್ಕೆ ಮೊದಲು ಈ ಬಗ್ಗೆ ಪಂಡಿತರು ಬಗೆಬಗೆಯ ಊಹೆ ಮಾಡುತ್ತಿದ್ದರು. ಕಿಟಕಿಯ ಸರಳುಗಳನ್ನು ನೋಡಿ ಬರೆದದ್ದೆಂದವರೂ ಇದ್ದರು! ನಿಜ ಸಂಗತಿಯೆಂದರೆ ಅಕ್ಷರವು ಬಾಯಿಯ ಚಿತ್ರ. ನಾಲಗೆ, ತುಟಿ, ಹಲ್ಲು, ಗಂಟಲು ಆ ಧ್ವನಿಗೆ ಹೇಗೆ ನಿಲ್ಲುತ್ತವೆಯೋ ಹಾಗೆ ಗೆರೆ. ಕಂಠ್ಯ, ದಂತ್ಯ, ಓಷ್ಠ್ಯ ಎಂದು ಬಾಲ್ಯದಲ್ಲಿ ಉರುಹೊಡೆದವರಿಗೆ ಇದು ಹಳೆಯ ಪಾಠವೇ.

ಓದುಗರು ಈಗ ಕಾಗದ ಪೆನ್ಸಿಲು ಹಿಡಿದು ಕುಳಿತುಕೊಳ್ಳಬೇಕು. ಆಕಾರಗಳನ್ನು ನಾವು ಮಾತಿನಲ್ಲಿ ಹೇಳುತ್ತೇವೆ. ಬರೆಯುವುದು ನಿಮ್ಮ ಕೆಲಸ.

ಮೇಲೆ ಒಂದು ಅಡ್ಡಗೆರೆ, ಅದರ ಬಲತುದಿಯಿಂದ ಕೆಳಕ್ಕೆ ಒಂದು ಗೆರೆ, ಬಡಗಿಯ ಮೂಲೆಮಟ್ಟದ ಹಾಗೆ: ಇದು ಕ. ನಾಲಗೆಯ ಬುಡ ಎದ್ದು ಗಂಟಲನ್ನು ಮುಚ್ಚುವ ಚಿತ್ರ. ಇದನ್ನೇ ತಿರುಗಿಸಿ, ಗೆರೆ ಮೊದಲು ಕೆಳಗಿಳಿದು ಆಮೇಲೆ ಬಲಕ್ಕೆ ಹೋದರೆ ನ. ಚೌಕ ಬರೆದರೆ ಮ, ಅದು ಬಾಯಿ. ಕಾಲು ಅಗಲಿಸಿ ನಿಂತ ಮನುಷ್ಯನಂತೆ ಎರಡು ಓರೆಗೆರೆಗಳು ಸ. ಮುಚ್ಚಳವಿಲ್ಲದ ಡಬ್ಬಿಗೆ ನಡುವೆ ಅಡ್ಡಗೆರೆ, ಅರ್ಧ ನೀರು ತುಂಬಿದಂತೆ: ಇದು ಬ. ಇನ್ನು ಒಂದು ಸೊನ್ನೆ. ಇದರ ಸ್ವಾರಸ್ಯವನ್ನು ಗಮನಿಸಿರಿ. ಅಕ್ಷರದ ಮೊದಲಲ್ಲಿ ಬಂದರೆ ಸೊನ್ನೆಗೆ ಧ್ವನಿಯಿಲ್ಲ, ಕೊನೆಯಲ್ಲಿ ಬಂದರೆ ಙಕಾರ. ನಾವು ‘ಅಂಗಡಿ’ ಎಂದು ಬರೆಯುವಾಗ ಸೊನ್ನೆಗೆ ಯಾವ ಧ್ವನಿಯೋ ಅದೇ ಧ್ವನಿ. ಬೇರೆ ದೇಶದವರು ಇದನ್ನು ಕಂಠಪಾಠ ಮಾಡಬೇಕು. ಕನ್ನಡಿಗನು ನೆನಪಿಸಿಕೊಂಡರೆ ಸಾಕು.

ಅಲ್ಪಪ್ರಾಣಕ್ಕೆ ಒಂದು ಗೆರೆ ಕೂಡಿಸಿದರೆ ಮಹಾಪ್ರಾಣ. ಮೂಲೆಮಟ್ಟದ ಹೊಟ್ಟೆಗೆ ಇನ್ನೊಂದು ಅಡ್ಡಗೆರೆ ಎಳೆದರೆ ಖ. ನಮ್ಮಲ್ಲಿಯೂ ದ-ಧ, ಪ-ಫ, ಚ-ಛ ಎಂದು ಕೆಳಗೊಂದು ಸೀಳು ಕೊಟ್ಟು ಮಹಾಪ್ರಾಣ ಮಾಡುವುದಿಲ್ಲವೆ? ಕಾಫಿಗೆ ಅವರು ‘ಖೊಫಿ’ ಎನ್ನುತ್ತಾರೆ. ಇಂಗ್ಲಿಷಿನ ತುಟಿಹಲ್ಲಿನ ಫಕಾರ ಅವರಲ್ಲಿಲ್ಲ; ನಮ್ಮ ವರ್ಣಮಾಲೆಯ ಶುದ್ಧ ಫಕಾರವೇ ಅದು.

ಸ್ವರಗಳು ಇನ್ನೂ ಸುಲಭ. ನೆಟ್ಟಗೆ ನಿಂತ ಗೆರೆ ಇ. ಅದಕ್ಕೆ ಬಲಗಡೆ ಚಿಕ್ಕ ಕೈ ಇಟ್ಟರೆ ಆ. ಎಡಗಡೆ ಇಟ್ಟರೆ ಅಕಾರಕ್ಕೂ ಒಕಾರಕ್ಕೂ ನಡುವಿನ ಒಂದು ಧ್ವನಿ. ಮಲಗಿದ ಗೆರೆಯ ಮೇಲೆ ಚಿಕ್ಕ ಗೆರೆ ನಿಲ್ಲಿಸಿದರೆ ಓ, ಕೆಳಗೆ ಇಳಿಬಿಟ್ಟರೆ ಉ. ಬರಿಯ ಮಲಗಿದ ಗೆರೆಯಾದರೆ ತುಟಿ ದುಂಡಗೆ ಮಾಡದೆ ಹೇಳುವ ಉಕಾರ. ಚಿಕ್ಕ ಗೆರೆ ಒಂದರ ಬದಲು ಎರಡಿದ್ದರೆ ಯಕಾರ ಸೇರುತ್ತದೆ: ಯಾ, ಯೋ, ಯು.

ಈಗ ಬುಸಾನ್ ಎಂದು ಬರೆಯಿರಿ. ಅರ್ಧ ನೀರಿನ ಡಬ್ಬಿ, ಅದರ ಕೆಳಗೆ ಉಕಾರ. ಮೊದಲ ಅಕ್ಷರ ಮುಗಿಯಿತು. ಕಾಲು ಅಗಲಿಸಿದ ಮನುಷ್ಯ, ಪಕ್ಕದಲ್ಲಿ ಆಕಾರ, ಇವೆರಡರ ಕೆಳಗೆ ನಕಾರ, ಎರಡನೆಯದೂ ಮುಗಿಯಿತು. ಇಂಗ್ಲಿಷಿನಂತೆ ಅಕ್ಷರಗಳನ್ನು ಸಾಲಾಗಿ ಜೋಡಿಸದೆ ಒಂದು ಉಚ್ಚಾರಕ್ಕೆ ಒಂದು ಗುಂಪು ಮಾಡುವುದು ಈ ಲಿಪಿಯ ಕ್ರಮ. ನಮ್ಮ ಕಾಗುಣಿತದ ಕ್ರಮವೂ ಇದೇ. ಆದರೆ ಒಂದು ಎಚ್ಚರಿಕೆ ಬೇಕು. ನಮ್ಮ ಒತ್ತಕ್ಷರ ಕೆಳಗಿದ್ದರೂ ಅದನ್ನು ಸ್ವರಕ್ಕೆ ಮೊದಲು ಉಚ್ಚರಿಸುತ್ತೇವೆ. ಅವರ ಕೆಳಗಿನ ವ್ಯಂಜನ ಸ್ವರವಾದ ಮೇಲೆ ಬರುತ್ತದೆ. ಅದನ್ನು ‘ಪತ್‌ಛಿಂ’ ಎನ್ನುತ್ತಾರೆ. ಕನ್ನಡ ಬಲ್ಲವರು ಎಡವುವುದು ಇಲ್ಲಿಯೇ.

ಬುಸಾನೋ ಪುಸಾನೋ ಎಂಬ ಸಂಶಯವೂ ಬರುವುದುಂಟು. 2000ದಲ್ಲಿ ಸರಕಾರವು ರೋಮನ್ ಬರವಣಿಗೆಯ ನಿಯಮವನ್ನು ಬದಲಿಸಿತು. ಅಲ್ಲಿಂದ ಊರು ಬುಸಾನ್ ಆಯಿತು. 1946ರಲ್ಲಿ ಸ್ಥಾಪನೆಯಾದ ಅಲ್ಲಿಯ ರಾಷ್ಟ್ರೀಯ ವಿಶ್ವವಿದ್ಯಾಲಯ ಮಾತ್ರ ಇಂಗ್ಲಿಷಿನಲ್ಲಿ ಹಳೆಯ ಪುಸಾನ್ ಎಂಬುದನ್ನೇ ಉಳಿಸಿಕೊಂಡಿದೆ. ಕೊರಿಯನ್ ಅಕ್ಷರ ಎರಡಕ್ಕೂ ಒಂದೇ. ಆ ಭಾಷೆಯಲ್ಲಿ ಪ-ಬ, ಕ-ಗ, ತ-ದಗಳಿಗೆ ಬೇರೆ ಬೇರೆ ಅಕ್ಷರಗಳಿಲ್ಲ. ಪದದ ಮೊದಲಲ್ಲಿ ಕ ಎಂದು ಕೇಳಿಸುವುದು ಎರಡು ಸ್ವರಗಳ ನಡುವೆ ಗ ಆಗುತ್ತದೆ. ಚೆನ್ನೈಯಲ್ಲಿರುವ ನಮ್ಮ ಬಂಧುಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ತಮಿಳು ಫಲಕಗಳನ್ನು ಓದಿ ಅವರಿಗೆ ಅಭ್ಯಾಸವಾಗಿದೆ.

ಇದಕ್ಕೆ ಒಳ್ಳೆಯ ಉದಾಹರಣೆಯೇ ನಮ್ಮ ವಿದ್ಯಾರ್ಥಿಗೆ ಎಲ್ಲಕ್ಕಿಂತ ಅವಶ್ಯವಾದ ಪದವೂ ಆಗಿದೆ. ಮೂಲೆಮಟ್ಟದ ಕೆಳಗೆ ಓಕಾರ. ಮತ್ತೆ ಮೂಲೆಮಟ್ಟ, ಪಕ್ಕದಲ್ಲಿ ಇಕಾರ. ಅಕ್ಷರ ಒಂದೇ ಆದರೂ ಮೊದಲನೆಯದು ಕ, ಎರಡನೆಯದು ಗ: ‘ಕೋಗಿ’. ಅರ್ಥ ಮಾಂಸ. ಗೋಡೆಯ ಪಟ್ಟಿಯಲ್ಲಿ ಈ ಎರಡು ಅಕ್ಷರಗಳ ಜೋಡಿ ಎಲ್ಲಿ ಕಂಡರೂ ಅದರಲ್ಲಿ ಮಾಂಸವಿದೆಯೆಂದು ತಿಳಿಯಬೇಕು. ‘ಸೋಗೋಗಿ’ ದನದ್ದು, ‘ತ್ವೆಜಿಗೋಗಿ’ ಹಂದಿಯದು, ‘ತಕ್‌ಕೋಗಿ’ ಕೋಳಿಯದು. ಆದರೆ ಪಟ್ಟಿಯಲ್ಲಿ ಕೋಗಿ ಇಲ್ಲವೆಂದು ನಿಶ್ಚಿಂತರಾಗುವಂತೆಯೂ ಇಲ್ಲ. ಸಾರುಗಳಲ್ಲಿ ಎಷ್ಟೋ ‘ಮ್ಯೊಲ್‌ಛಿ’ ಎಂಬ ಒಣಮೀನನ್ನು ಕುದಿಸಿದ ನೀರಿನಿಂದ ಆದವು. ಕಿಂಛಿ ನೋಡಲು ಎಲೆಕೋಸಿನ ಉಪ್ಪಿನಕಾಯಿ. ಅದಕ್ಕೂ ಸಾಮಾನ್ಯವಾಗಿ ಮೀನಿನ ರಸವನ್ನೋ ಉಪ್ಪುಹಾಕಿದ ಸೀಗಡಿಯನ್ನೋ ಬೆರೆಸುತ್ತಾರೆ. ಸೀಗಡಿಗೆ ‘ಸೆಉ’ ಎನ್ನುವರು. ಅಂಗಡಿಯ ಪೊಟ್ಟಣಗಳ ಹಿಂಬದಿಯಲ್ಲಿ ‘ಹಮ್‌ಯು’ ಎಂಬ ಪದವನ್ನು ಹುಡುಕಬೇಕು; ‘ಒಳಗೊಂಡಿದೆ’ ಎಂದು ಅದರ ಅರ್ಥ. ಅದರ ಹಿಂದಿರುವ ಹೆಸರುಗಳಲ್ಲಿ ಹಾಲು, ಮೊಟ್ಟೆ, ಸೋಯಾ, ಗೋಧಿ, ಸೀಗಡಿ, ಮೂರು ಬಗೆಯ ಮಾಂಸ ಇವುಗಳಲ್ಲಿ ಯಾವುದಿದ್ದರೂ ಹೇಳಿರುತ್ತಾರೆ. ತರಕಾರಿ ಕಲಸಿದ ಅನ್ನವಾದ ‘ಪಿಬಿಂಬಾಪ್’ ಎಲ್ಲೆಡೆ ಸಿಗುತ್ತದೆ. ಕೇಳುವಾಗ ‘ಕೋಗಿ ಪ್ಪೆ ಜುಸೆಯೊ’, ಮಾಂಸ ತೆಗೆದುಬಿಡಿ, ಎಂದು ಹೇಳಿದರಾಯಿತು. ಮೊಟ್ಟೆಯ ಸಂಗತಿಯನ್ನು ಬೇರೆ ಹೇಳಬೇಕು. ಬುಸಾನಿನ ಬೊಮೊಸಾದಂಥ ಬೌದ್ಧ ವಿಹಾರಗಳ ಅಡುಗೆಯಲ್ಲಿ ಮಾಂಸವೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಕೊರಿಯಾದಲ್ಲಿಯೂ ಮಡಿಯ ಊಟವುಂಟೆಂದು ಕೇಳಿ ನಮ್ಮ ಕೆಲವು ಅಜ್ಜಿಯರಿಗೆ ಸಮಾಧಾನವಾದೀತು.

ಅಂಗಡಿಯ ಹೆಂಗಸನ್ನು ಅಲ್ಲಿಯ ವಿದ್ಯಾರ್ಥಿಗಳು ‘ಇಮೊ’ ಎಂದು ಕರೆಯುವುದುಂಟು. ಇಮೊ ಎಂದರೆ ತಾಯಿಯ ಒಡಹುಟ್ಟಿದವಳು. ನಮ್ಮ ಚಿಕ್ಕಮ್ಮ, ದೊಡ್ಡಮ್ಮ. ಗುರುತಿಲ್ಲದವರನ್ನೂ ಅಕ್ಕ, ಅಣ್ಣ ಎಂದು ಮಾತಾಡಿಸಿ ಬೆಳೆದವರಿಗೆ ಈ ಪದ ನಾಲಗೆಗೆ ಬೇಗ ಹೊಂದುತ್ತದೆ. ಮುಂದಿನ ತರಗತಿಯವರನ್ನು ಹೆಸರು ಹಿಡಿದು ಕರೆಯದೆ ‘ಸೊನ್‌ಬೆ’ ಎನ್ನಬೇಕು. ನಮ್ಮಲ್ಲಿ ಬಾ, ಬನ್ನಿ ಎಂಬ ಭೇದವಿದ್ದಂತೆ ಅವರ ಕ್ರಿಯಾಪದದ ಕೊನೆಯಲ್ಲಿ ಗೌರವದ ಮೆಟ್ಟಿಲುಗಳಿವೆ. ಹೊಸಬರು ‘ಯೊ’ ಎಂದು ಮುಗಿಯುವ ರೂಪವನ್ನು ಹಿಡಿದುಕೊಂಡರೆ ಕ್ಷೇಮ.

ಅಕ್ಷರ ಬಂದ ಮೇಲೆ ಪದಗಳು ಗೊಂಚಲಾಗಿ ಬರುತ್ತವೆ. ಸೊನ್ನೆಗೆ ಟೋಪಿ ಹಾಕಿದಂತಿರುವುದು ಹಕಾರ; ಪಕ್ಕದಲ್ಲಿ ಆಕಾರ, ಕೆಳಗೆ ಮೂಲೆಮಟ್ಟ, ಓದಿದರೆ ‘ಹಕ್’. ಇದು ವಿದ್ಯೆ. ಹಕ್‌ಸೆಂಗ್ ವಿದ್ಯಾರ್ಥಿ, ಹಕ್‌ಕ್ಯೊ ವಿದ್ಯಾಲಯ, ದೆಹಕ್ ಮಹಾವಿದ್ಯಾಲಯ, ಹಕ್‌ಕಿ ಸೆಮಿಸ್ಟರು. ಸಂಸ್ಕೃತದಿಂದ ನಾವು ‘ವಿದ್ಯಾ’ ತೆಗೆದುಕೊಂಡು ಹತ್ತು ಪದ ಕಟ್ಟಿದಂತೆ ಅವರು ಚೀನೀ ಧಾತುಗಳಿಂದ ಕಟ್ಟಿದ್ದಾರೆ. ‘ಶಿಕ್‌ತಂಗ್’ ಭೋಜನಶಾಲೆ, ಹಕ್‌ಸೆಂಗ್ ಶಿಕ್‌ತಂಗ್ ಎಂದು ಬರೆದ ಬಾಗಿಲು ಕಂಡರೆ ವಿದ್ಯಾರ್ಥಿಗೆ ಅಗ್ಗದ ಊಟ ಸಿಕ್ಕಿತೆಂದೇ ಅರ್ಥ. ‘ಸಾನ್’ ಬೆಟ್ಟ, ಬುಸಾನ್ ಎಂದರೆ ಕಡಾಯಿಯ ಬೆಟ್ಟ.

ಓದುವಾಗ ಒಂದು ತೊಡಕು ಬರುತ್ತದೆ: ಬರೆದಂತೆ ಎಲ್ಲವನ್ನೂ ಉಚ್ಚರಿಸುವುದಿಲ್ಲ. ದೇಶದ ಹೆಸರು ‘ಹಂಗುಕ್’, ಮಾತಿಗೆ ‘ಮಾಲ್’. ಎರಡೂ ಕೂಡಿದರೆ ಕೊರಿಯನ್ ಭಾಷೆ. ಬರೆಯುವುದು ಹಂಗುಕ್‌ಮಾಲ್, ಹೇಳುವುದು ಹಂಗುಙ್ಮಾಲ್. ವಿದೇಶೀ ವಿದ್ಯಾರ್ಥಿಗಳು ಇದನ್ನು ಕಂಡು ತಲೆ ಕೆರೆದುಕೊಳ್ಳುತ್ತಾರಂತೆ. ವಾಕ್ ಮತ್ತು ಮಯ ಸೇರಿ ವಾಙ್ಮಯ, ಷಟ್ ಮತ್ತು ಮುಖ ಸೇರಿ ಷಣ್ಮುಖ ಎಂದು ಕಲಿತವರು ಹಾಗೆ ಮಾಡಬೇಕಾಗಿಲ್ಲ. ಇದು ನಮ್ಮ ಅನುನಾಸಿಕ ಸಂಧಿಯೇ.

ವಾಕ್ಯರಚನೆಯೂ ಹೊಂದುತ್ತದೆ. ‘ನಾನು ಗ್ರಂಥಾಲಯಕ್ಕೆ ಹೋಗುತ್ತೇನೆ’ ಎಂಬಲ್ಲಿ ಕರ್ತೃ ಮೊದಲು, ವಿಭಕ್ತಿ ಹಚ್ಚಿದ ನಾಮಪದ ನಡುವೆ, ಕ್ರಿಯೆ ಕೊನೆಗೆ. ಅವರದೂ ಅದೇ ಕ್ರಮ. ‘ನಾ’ ಎಂದರೆ ನಾನು, ‘ಅಪ್ಪಾ’ ಎಂದರೆ ಅಪ್ಪ. ಇಂಥವನ್ನು ಕಂಡು ಹಲ್ಬರ್ಟ್ ಎಂಬ ಅಮೆರಿಕನ್ ವಿದ್ವಾಂಸನು 1905ರಲ್ಲಿ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ತುಲನಾತ್ಮಕ ವ್ಯಾಕರಣವನ್ನೇ ಬರೆದನು. ಭಾಷಾಶಾಸ್ತ್ರಜ್ಞರು ಆ ಸಂಬಂಧವನ್ನು ಒಪ್ಪಿಲ್ಲ. ಕಲಿಯುವವನಿಗೆ ಅನುಕೂಲವೆಂದಷ್ಟೇ ತಿಳಿದು, ಅಣ್ಣತಮ್ಮಂದಿರ ಭಾಷೆಯೆಂದು ಸಾರಿಕೊಂಡು ತಿರುಗದಿರುವುದು ಮೇಲು.

ನಿಜವಾದ ಸಂಬಂಧ ಬೇರೆಯದುಂಟು. ಯುದ್ಧದ ಕಾಲದಲ್ಲಿ, 1950ರ ನವೆಂಬರಿನಲ್ಲಿ, ಭಾರತೀಯ ಸೇನೆಯ 60ನೆಯ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ ತುಕಡಿ ಗಾಯಾಳುಗಳ ಶುಶ್ರೂಷೆಗಾಗಿ ಇದೇ ಬುಸಾನಿನಲ್ಲಿ ಬಂದಿಳಿಯಿತು. 1953-54ರಲ್ಲಿ ಯುದ್ಧಕೈದಿಗಳನ್ನು ಹಿಂತಿರುಗಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯನವರು.

ಕಾಗದಪತ್ರಗಳ ವಿಷಯವನ್ನು ಚುಟುಕಾಗಿ ಹೇಳುತ್ತೇವೆ. 90 ದಿನಗಳಿಗಿಂತ ಹೆಚ್ಚು ಇರುವವರು ಬಂದ 90 ದಿನಗಳೊಳಗೆ ವಲಸೆ ಕಚೇರಿಯಲ್ಲಿ ನೋಂದಣಿಗೆ ಅರ್ಜಿ ಕೊಡತಕ್ಕದ್ದು. ಆ ಕಾರ್ಡು ಕೈಗೆ ಬರುವ ತನಕ ಬ್ಯಾಂಕು, ಫೋನು ಮೊದಲಾದ ಕೆಲಸಗಳು ಸಲೀಸಾಗಿ ಆಗುವುದಿಲ್ಲ. ಮೊದಲ ವಾರದಲ್ಲೇ ದಿನ ಗೊತ್ತುಮಾಡಿಕೊಳ್ಳುವುದು ಲೇಸು. 2021ರ ಮಾರ್ಚಿನಿಂದ ವಿದೇಶೀ ವಿದ್ಯಾರ್ಥಿಗಳೂ ರಾಷ್ಟ್ರೀಯ ಆರೋಗ್ಯ ವಿಮೆಗೆ ಸೇರಿದ್ದಾರೆ, ಅದರ ಕಂತನ್ನು ಖರ್ಚಿನ ಲೆಕ್ಕದಲ್ಲಿ ಹಿಡಿಯಬೇಕು. ಕಸವನ್ನು ಬೇರೆ ಬೇರೆ ಮಾಡಿ, ಬೆಲೆ ಕೊಟ್ಟು ಕೊಂಡ ಚೀಲದಲ್ಲೇ ಹಾಕುವ ನಿಯಮ ದೇಶಾದ್ಯಂತ 1995ರಿಂದ ಇದೆ. ವಸತಿಗೃಹದ ಫಲಕವನ್ನು ಓದಬಲ್ಲವನಿಗೆ ನೆರೆಹೊರೆಯ ಮಾತು ಕೇಳುವ ಪ್ರಸಂಗ ಬಾರದು. ಮನೆಗೆ ಫೋನು ಮಾಡುವಾಗ ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದೆಂಬುದು ನೆನಪಿರಲಿ. ಅಲ್ಲಿ ರಾತ್ರಿ ಹತ್ತಾದಾಗ ಇಲ್ಲಿ ಅಮ್ಮ ಸಂಜೆಯ ಅಡುಗೆಗೆ ಕೈಹಚ್ಚಿರುತ್ತಾರೆ.

ಸಂಖ್ಯೆಗಳನ್ನು ನಾವು ಈ ಪಾಠದಲ್ಲಿ ತೆಗೆದುಕೊಂಡಿಲ್ಲ. ಕೊರಿಯನ್ನರಿಗೆ ಎಣಿಕೆ ಎರಡು, ಒಂದು ದೇಶ್ಯ, ಇನ್ನೊಂದು ಚೀನೀ ಮೂಲದ್ದು; ಗಡಿಯಾರ ನೋಡಿ ಹೇಳುವಾಗ ಗಂಟೆಗೆ ಮೊದಲನೆಯದು, ನಿಮಿಷಕ್ಕೆ ಎರಡನೆಯದು. ಅದನ್ನು ಮುಂದಿನ ಸಂಚಿಕೆಯಲ್ಲಿ ನೋಡೋಣ. ಅಷ್ಟರಲ್ಲಿ ಓದುಗರು ತಮ್ಮ ತಮ್ಮ ಹೆಸರನ್ನು ಈ ಅಕ್ಷರಗಳಲ್ಲಿ ಬರೆದು ನೋಡಬೇಕು. ‘ಸುಮನ್’ ಎಂಬ ಹೆಸರಿನವರಿಗೆ ಬೇಕಾದ ಅಕ್ಷರಗಳೆಲ್ಲವೂ ಮೇಲೆ ಬಂದಿವೆ.