ಮೈಕೋಬ್ಯಾಕ್ಟೀರಿಯಂ ಕೈಮೇರಾ: ಹೃದಯ ಶಸ್ತ್ರಚಿಕಿತ್ಸೆಯ ನಂತರದ ಅಪರೂಪದ ಸೋಂಕು

ಇದು ಕ್ಷಯಕಾರಕ ಬ್ಯಾಕ್ಟೀರಿಯಾದ ಕುಲಕ್ಕೇ ಸೇರಿದ್ದು, ಆದರೆ ಕ್ಷಯ ತರುವುದಿಲ್ಲ. 2004ರಲ್ಲಿ ಪ್ರತ್ಯೇಕ ಪ್ರಭೇದವೆಂದು ಹೆಸರು ಪಡೆಯಿತು. ನೆಲೆ: ನೀರು, ಮಣ್ಣು.

ಗಮನವಿಟ್ಟು ಓದಬೇಕಾದದ್ದು ಇದು ಹರಡುವ ದಾರಿ. ತೆರೆದ ಹೃದಯ ಶಸ್ತ್ರಚಿಕಿತ್ಸೆಯಲ್ಲಿ ರಕ್ತದ ಉಷ್ಣತೆ ನಿಯಂತ್ರಿಸಲು ಹೀಟರ್-ಕೂಲರ್ ಯಂತ್ರ ಬಳಸುತ್ತಾರೆ. ಅದರ ತೊಟ್ಟಿಯ ನೀರು ರೋಗಿಯನ್ನು ನೇರವಾಗಿ ಮುಟ್ಟುವುದೇ ಇಲ್ಲ. ಆದರೆ ಆ ನೀರಿನಲ್ಲಿ ಬೆಳೆದ ಬ್ಯಾಕ್ಟೀರಿಯಾ ಸೂಕ್ಷ್ಮ ತುಂತುರಾಗಿ ಗಾಳಿಗೆ ಸೇರಿ, ತೆರೆದ ಎದೆಯೊಳಗೆ, ಕೃತಕ ಕವಾಟದ ಮೇಲೆ ಬಂದು ಕೂರುತ್ತದೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ವೈದ್ಯರು 2013ರಲ್ಲಿ ಇಂಥ ಪ್ರಕರಣಗಳನ್ನು ಪ್ರಕಟಿಸಿದರು; 2016ರಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಎಚ್ಚರಿಕೆ ನೀಡಿತು. ಹಲವು ದೇಶಗಳ ರೋಗಿಗಳ ಮಾದರಿಗಳು ಬಹುತೇಕ ಒಂದೇ ಮೂಲದವೆಂದು 2017ರ ಜೀನೋಮ್ ಅಧ್ಯಯನ ತೋರಿಸಿತು.

ಪತ್ತೆ ನಿಜಕ್ಕೂ ಕಷ್ಟ. ಜ್ವರ, ಆಯಾಸ, ತೂಕ ಇಳಿಕೆ, ರಾತ್ರಿ ಬೆವರು ಕಾಣಿಸಿಕೊಳ್ಳುವಷ್ಟರಲ್ಲಿ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಕಳೆದಿರುತ್ತವೆ. ಹಳೆಯ ಆಪರೇಷನ್ ಯಾರಿಗೂ ನೆನಪಾಗುವುದಿಲ್ಲ. ಕೆಲವರಿಗೆ ಸಾರ್ಕಾಯ್ಡೋಸಿಸ್ ಎಂಬ ಉರಿಯೂತದ ಕಾಯಿಲೆಯೆಂದು ತಪ್ಪಾಗಿ ತಿಳಿದು ಸ್ಟೀರಾಯ್ಡ್ ಕೊಟ್ಟದ್ದೂ ಉಂಟು. ಕೆಲವೇ ದಿನಗಳ ಸಾಮಾನ್ಯ ರಕ್ತ ಕಲ್ಚರ್‌ನಲ್ಲಿ ಇದು ಸಿಗದು. ಮೈಕೋಬ್ಯಾಕ್ಟೀರಿಯಾ ಕಲ್ಚರ್ ಎಂದೇ ಕೇಳಿ, 6ರಿಂದ 8 ವಾರ ಕಾಯಬೇಕು.

ಚಿಕಿತ್ಸೆ: ಕ್ಲಾರಿಥ್ರೋಮೈಸಿನ್ ಅಥವಾ ಅಜಿಥ್ರೋಮೈಸಿನ್, ರಿಫಾಂಪಿಸಿನ್ ಅಥವಾ ರಿಫಾಬ್ಯುಟಿನ್, ಎಥಾಂಬ್ಯುಟಾಲ್ ಒಟ್ಟಿಗೆ, ದೀರ್ಘಕಾಲ, ತೀವ್ರವಾದರೆ ಅಮಿಕಾಸಿನ್ ಸಹ. ಸೋಂಕಿತ ಕವಾಟವನ್ನು ಬದಲಿಸಬೇಕಾಗಬಹುದು. ಕ್ಷಯದ ಔಷಧ ಪೈರಾಜಿನಮೈಡ್ ಇದಕ್ಕೆ ನಾಟುವುದಿಲ್ಲ.